ಮಗುವಿನ ಮೆದುಳಿಗೆ ಯಾವ ಸ್ಕ್ಯಾನ್? ಹುಟ್ಟಿನಿಂದ ಬಂದ ಮೆಟಬಾಲಿಕ್ ಕಾಯಿಲೆಗಳಲ್ಲಿ ಆಯ್ಕೆ ಮಾಡುವ ಬಗೆ

ಮಗುವಿಗೆ ಹುಟ್ಟಿನಿಂದ ಬಂದ ಮೆಟಬಾಲಿಕ್ ಕಾಯಿಲೆ ಇರಬಹುದು ಅನ್ನುವ ಅನುಮಾನ ಬಂದ ಕೂಡಲೇ ಮೆದುಳಿನ ಸ್ಕ್ಯಾನ್ ಮಾತು ಬರುತ್ತದೆ. ಅಲ್ಟ್ರಾಸೌಂಡ್ ಸಾಕಾ? ಸಿಟಿ ಬೇಗ ಮುಗಿಯುತ್ತದಲ್ಲ, ಅದನ್ನೇ ಮಾಡಿಸೋಣವಾ? ಎಂಆರ್‌ಐ ಅಂದರೆ ಮಗುವನ್ನು ಔಷಧ ಕೊಟ್ಟು ಮಲಗಿಸಬೇಕು, ಅದರಿಂದ ಅಪಾಯ ಇದೆಯಾ? ಕಾಂಟ್ರಾಸ್ಟ್ (ಚಿತ್ರದಲ್ಲಿ ಕೆಲವು ಭಾಗ ಎದ್ದು ಕಾಣಲು ಕೊಡುವ ಔಷಧ) ಚುಚ್ಚಲೇಬೇಕಾ? ಹೆತ್ತವರು ಗಾಬರಿಯಲ್ಲಿರುವಾಗಲೇ ಇಷ್ಟೂ ಪ್ರಶ್ನೆಗಳು ಒಟ್ಟಿಗೆ ಎದುರಾಗುತ್ತವೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಬೇಕಿರುವುದು ಚೆನ್ನಾಗಿ ಯೋಚಿಸಿ ಮಾಡಿದ ಒಂದು ಎಂಆರ್‌ಐ. ಮಗು ಯಂತ್ರದಲ್ಲಿ ಮಲಗಿರುವ ಅದೇ ಹೊತ್ತಿನಲ್ಲಿ ಡಿಫ್ಯೂಷನ್ (ನೀರಿನ ಕಣಗಳ ಓಡಾಟ ಅಳೆಯುವ ಚಿತ್ರ) ಮತ್ತು ಸ್ಪೆಕ್ಟ್ರೋಸ್ಕೋಪಿ (ಮೆದುಳಿನ ರಾಸಾಯನಿಕ ಅಳೆಯುವ ಗ್ರಾಫ್) ಎರಡೂ ಆಗಬೇಕು. ಅವಸರಕ್ಕೆ ಒಂದು ಸಿಟಿ, ಆಮೇಲೆ ಒಂದು ಮಾಮೂಲಿ ಎಂಆರ್‌ಐ, ಅದು ಸಾಲದು ಅಂತ ಮತ್ತೆ ಮಲಗಿಸಿ ಇನ್ನೊಂದು ಎಂಆರ್‌ಐ. ಹೀಗೆ ಹೋದರೆ ಮಗುವಿಗೆ ತೊಂದರೆ ಜಾಸ್ತಿ, ಸಿಗುವ ಮಾಹಿತಿ ಕಡಿಮೆ. ಹಾಗಂತ ಎಲ್ಲ ಮಕ್ಕಳಿಗೂ ಇದೇ ಉತ್ತರ ಅಲ್ಲ. ಅಲ್ಟ್ರಾಸೌಂಡೇ ಸರಿ ಅನ್ನುವ ಹೊತ್ತುಗಳಿವೆ, ಸಿಟಿ ಬಿಟ್ಟು ಬೇರೆ ದಾರಿ ಇಲ್ಲ ಅನ್ನುವ ಹೊತ್ತುಗಳೂ ಇವೆ.

ಸ್ಕ್ಯಾನ್ ಮೊದಲ ಪರೀಕ್ಷೆ ಅಲ್ಲ

ಈ ಕಾಯಿಲೆಗಳಲ್ಲಿ ಯಾವುದೋ ಒಂದು ಎಂಜೈಮ್ ಅಥವಾ ವಸ್ತುಗಳನ್ನು ಸಾಗಿಸುವ ಪ್ರೋಟೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಂದೋ ವಿಷದಂಥ ವಸ್ತು ಸೇರಿಕೊಳ್ಳುತ್ತದೆ, ಇಲ್ಲವೇ ಶಕ್ತಿ ತಯಾರಾಗುವುದಿಲ್ಲ, ಇಲ್ಲವೇ ಮೆದುಳಿಗೆ ಬೇಕಾದದ್ದು ತಲುಪುವುದಿಲ್ಲ. ಈ ಏರುಪೇರು ಮೆದುಳಿನ ಒಂದೇ ಬದಿಗೆ ನಿಲ್ಲುವಂಥದ್ದಲ್ಲ. ಅದಕ್ಕೇ ಹಾನಿ ಬಹಳ ಸಲ ಎಡಕ್ಕೂ ಬಲಕ್ಕೂ ಒಂದೇ ಥರ ಕಾಣುತ್ತದೆ. ಸ್ಕ್ಯಾನ್ ಓದುವ ವೈದ್ಯರಿಗೆ ಮೊದಲ ಸುಳಿವು ಸಿಗುವುದು ಅಲ್ಲೇ.

ಆದರೆ ಮಗು ಮಂಕಾಗಿದೆ, ಹಾಲು ಕುಡಿಯುತ್ತಿಲ್ಲ, ವಾಂತಿ ಮಾಡುತ್ತಿದೆ, ಫಿಟ್ಸ್ ಬಂದಿದೆ ಅಂದಾಗ ಮೊದಲು ಬೇಕಾಗುವುದು ರಕ್ತ ಮತ್ತು ಮೂತ್ರದ ಪರೀಕ್ಷೆ. ಸಕ್ಕರೆ, ಅಮೋನಿಯಾ, ಲ್ಯಾಕ್ಟೇಟ್, ರಕ್ತದ ಆಮ್ಲತೆ, ಮೂತ್ರದಲ್ಲಿ ಕೀಟೋನ್. ಅಮೋನಿಯಾ ಏರಿದೆ ಅಂತ ಗೊತ್ತಾದರೆ ಅದನ್ನು ಇಳಿಸುವ ಚಿಕಿತ್ಸೆ ಆ ಕ್ಷಣವೇ ಶುರುವಾಗಬೇಕು. ಸ್ಕ್ಯಾನ್ ಸ್ಲಾಟ್‌ಗಾಗಿ ಕಾಯುತ್ತಾ ಕೂರುವ ಪ್ರತಿ ಗಂಟೆಯೂ ಮೆದುಳಿಗೆ ನಷ್ಟ.

ಇನ್ನೊಂದು ಮಾತು. ಸ್ಕ್ಯಾನ್ ನಾರ್ಮಲ್ ಬಂದರೆ ಕಾಯಿಲೆ ಇಲ್ಲ ಅಂತ ಅಲ್ಲ. ಗ್ಲೂಟ್-1 ಕೊರತೆಯಲ್ಲಿ ಸಕ್ಕರೆ ರಕ್ತದಿಂದ ಮೆದುಳಿಗೆ ಸಾಕಷ್ಟು ದಾಟುವುದಿಲ್ಲ. ಮಗುವಿಗೆ ಫಿಟ್ಸ್ ಬರುತ್ತಲೇ ಇರುತ್ತದೆ, ಎಂಆರ್‌ಐ ಮಾತ್ರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅದನ್ನು ಹಿಡಿಯುವುದು ಬೆನ್ನುಹುರಿಯ ನೀರಿನಲ್ಲಿ ಕಡಿಮೆಯಾದ ಸಕ್ಕರೆ ಮತ್ತು ಜೀನ್ ಪರೀಕ್ಷೆ. ಕೀಟೋಜೆನಿಕ್ (ಕೊಬ್ಬು ಹೆಚ್ಚು, ಸಕ್ಕರೆ-ಪಿಷ್ಟ ತೀರಾ ಕಡಿಮೆ) ಆಹಾರದಿಂದ ಚಿಕಿತ್ಸೆ ಕೊಡಬಹುದಾದ ಕಾಯಿಲೆ ಇದು. ನಾರ್ಮಲ್ ರಿಪೋರ್ಟ್ ನಂಬಿ ಸುಮ್ಮನಾದರೆ ಮಗು ಆ ಅವಕಾಶವನ್ನೇ ಕಳೆದುಕೊಳ್ಳುತ್ತದೆ.

ಅಲ್ಟ್ರಾಸೌಂಡ್: ನೆತ್ತಿ ಮೆತ್ತಗಿರುವವರೆಗೆ

ಹಸುಗೂಸಿನ ನೆತ್ತಿಯ ಮೂಳೆ ಇನ್ನೂ ಕೂಡಿರುವುದಿಲ್ಲ. ಆ ಮೆತ್ತನೆ ಜಾಗದ ಮೇಲೆ ಪ್ರೋಬ್ ಇಟ್ಟು ಒಳಗೆ ನೋಡಬಹುದು. ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ಅದು ಮುಚ್ಚಿಕೊಳ್ಳುತ್ತದೆ. ಚಿತ್ರ ಚೆನ್ನಾಗಿ ಸಿಗುವುದು ಮೊದಲ ಕೆಲವು ತಿಂಗಳು ಮಾತ್ರ.

ವಿಕಿರಣ ಇಲ್ಲ, ಮಗುವನ್ನು ಐಸಿಯು ಹಾಸಿಗೆಯಿಂದ ಎತ್ತಬೇಕಿಲ್ಲ, ಮಲಗಿಸುವ ಔಷಧ ಬೇಡ. ವೆಂಟಿಲೇಟರ್ ಮೇಲಿರುವ ನವಜಾತ ಮಗುವಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ರಕ್ತಸ್ರಾವ, ನೀರು ತುಂಬಿ ಹಿಗ್ಗಿದ ಕುಹರಗಳು (ಮೆದುಳಿನೊಳಗಿನ ನೀರಿನ ಕೋಣೆಗಳು), ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕೆಲೋಸಮ್ ಇಲ್ಲದಿರುವುದು ಇದರಲ್ಲಿ ಕಾಣುತ್ತವೆ. ಜೆಲ್‌ವೆಗರ್ ಥರದ ಪೆರಾಕ್ಸಿಸೋಮ್ (ಜೀವಕೋಶದೊಳಗಿನ ಒಂದು ಪುಟ್ಟ ಅಂಗ) ಕಾಯಿಲೆಗಳಲ್ಲಿ ಕುಹರದ ಅಂಚಿನ ಚಿಕ್ಕ ನೀರುಗುಳ್ಳೆಗಳೂ ಸಿಗಬಹುದು.

ಆದರೆ ವೈಟ್ ಮ್ಯಾಟರ್‌ನ (ನರತಂತುಗಳು ಹಾಯುವ ಬಿಳಿ ಭಾಗ) ಸೂಕ್ಷ್ಮ ಬದಲಾವಣೆ, ಬ್ರೈನ್ ಸ್ಟೆಮ್ (ಮೆದುಳಿನ ಕಾಂಡ), ಮೆದುಳಿನ ಹೊರಪದರ ಇದರ ಕೈಗೆ ಅಷ್ಟಾಗಿ ಸಿಗುವುದಿಲ್ಲ. ಇದನ್ನು ಬಾಗಿಲು ತೆರೆಯುವ ಪರೀಕ್ಷೆ ಅಂತ ನೋಡಿ. ಅನುಮಾನ ಗಟ್ಟಿಯಾಗಿದ್ದರೆ ಅಲ್ಟ್ರಾಸೌಂಡ್ ಚೆನ್ನಾಗಿದೆ ಅಂತ ಎಂಆರ್‌ಐ ಬಿಡಬಾರದು.

ಸಿಟಿ: ತುರ್ತಿಗೆ ಮಾತ್ರ

ಸಿಟಿ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಮಗು ಇದ್ದಕ್ಕಿದ್ದ ಹಾಗೆ ಎಚ್ಚರ ತಪ್ಪಿದೆ, ಮೆದುಳು ಊದಿಕೊಂಡಿದೆಯಾ, ರಕ್ತ ಸೋರಿದೆಯಾ ಅಂತ ಈಗಲೇ ಗೊತ್ತಾಗಬೇಕು ಅಂದಾಗ ಯೋಚಿಸದೆ ಸಿಟಿ ಮಾಡಿಸಿ. ಉಳಿದ ಹೊತ್ತಿನಲ್ಲಿ ನಾನು ಇದನ್ನು ಹಿಂದಕ್ಕೆ ಇಡುತ್ತೇನೆ. ಇದರಲ್ಲಿ ಎಕ್ಸ್‌ರೇ ವಿಕಿರಣ ಇದೆ. ಮಕ್ಕಳ ಅಂಗಾಂಶ ಅದಕ್ಕೆ ದೊಡ್ಡವರಿಗಿಂತ ಜಾಸ್ತಿ ಸೂಕ್ಷ್ಮ. ಅದಕ್ಕಿಂತ ಮುಖ್ಯವಾಗಿ, ಮೆಟಬಾಲಿಕ್ ಕಾಯಿಲೆಯ ಆರಂಭದ ಬದಲಾವಣೆಗಳು ಸಿಟಿಯಲ್ಲಿ ಕಾಣದೇ ಹೋಗುವುದೇ ಹೆಚ್ಚು.

ಸಿಟಿ ಚೆನ್ನಾಗಿ ತೋರಿಸುವುದು ಕ್ಯಾಲ್ಸಿಯಂ ಕೂತಿರುವುದನ್ನು. ಕೆಲವು ಮೈಟೊಕಾಂಡ್ರಿಯಾ (ಜೀವಕೋಶದಲ್ಲಿ ಶಕ್ತಿ ತಯಾರಿಸುವ ಭಾಗ) ಕಾಯಿಲೆಗಳಲ್ಲಿ ಬೇಸಲ್ ಗ್ಯಾಂಗ್ಲಿಯಾದಲ್ಲಿ (ಮೆದುಳಿನ ಆಳದ ಗಂಟುಗಳು) ಅದು ಕಾಣುತ್ತದೆ. ವೈಟ್ ಮ್ಯಾಟರ್ ಹಾಳಾಗುವ ಕ್ರ್ಯಾಬೆ ಕಾಯಿಲೆಯಲ್ಲಿ ಮೆದುಳಿನ ನಡುವಿನ ಥಾಲಮಸ್ ಬೆಳ್ಳಗೆ ದಟ್ಟವಾಗಿ ಕಾಣುವುದೂ ಒಂದು ಹಳೆಯ, ಉಪಯುಕ್ತ ಗುರುತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಗ್ಲುಟಾರಿಕ್ ಆಸಿಡ್ಯೂರಿಯಾ ಟೈಪ್ 1 ಇರುವ ಮಗುವಿನ ತಲೆ ದೊಡ್ಡದಿರುತ್ತದೆ, ಮೆದುಳಿನ ಬದಿಯ ಸಂದುಗಳು ಅಗಲವಾಗಿರುತ್ತವೆ, ಸಣ್ಣ ಪೆಟ್ಟಿಗೂ ಮೆದುಳಿನ ಹೊದಿಕೆಯ ಕೆಳಗೆ ರಕ್ತ ಸೋರಬಹುದು. ಮೆಂಕೀಸ್ ಕಾಯಿಲೆಯಲ್ಲೂ ಹೀಗೆ ರಕ್ತ ಸೋರುವುದುಂಟು. ಸಿಟಿಯಲ್ಲಿ ಆ ರಕ್ತ ಮಾತ್ರ ನೋಡಿ, ಯಾರೋ ಮಗುವಿಗೆ ಹೊಡೆದಿದ್ದಾರೆ ಅಂತ ತೀರ್ಮಾನಿಸಿದರೆ ಒಂದು ಕುಟುಂಬವೇ ಒಡೆದುಹೋಗುತ್ತದೆ. ಅಂಥ ಚಿತ್ರ ಬಂದಾಗ ಮೂತ್ರದ ಆರ್ಗ್ಯಾನಿಕ್ ಆಸಿಡ್ ಪರೀಕ್ಷೆ ಮತ್ತು ಎಂಆರ್‌ಐ ಎರಡನ್ನೂ ಕೇಳಿ ಪಡೆಯಿರಿ.

ಎಂಆರ್‌ಐ: ಒಳಗೆ ಏನೇನು ಸೇರಿಸಬೇಕು ಅನ್ನುವುದೇ ನಿಜವಾದ ಆಯ್ಕೆ

'ಎಂಆರ್‌ಐ ಬ್ರೈನ್' ಅಂತ ಚೀಟಿಯಲ್ಲಿ ಬರೆದರೆ ಅದರೊಳಗೆ ಏನು ಬರುತ್ತದೆ ಅನ್ನುವುದು ಜಾಗದಿಂದ ಜಾಗಕ್ಕೆ ಬೇರೆ. ಮಾಮೂಲಿ ಚಿತ್ರಗಳು ಅಂದರೆ ಟಿ1, ಟಿ2, ಫ್ಲೇರ್. ಇವು ಹಾನಿ ಎಲ್ಲಿ ಆಗಿದೆ ಅಂತ ಹೇಳುತ್ತವೆ, ಆ ಜಾಗವೇ ಅರ್ಧ ರೋಗನಿರ್ಣಯ. ಎಕ್ಸ್-ಲಿಂಕ್ಡ್ ಅಡ್ರಿನೊಲ್ಯೂಕೋಡಿಸ್ಟ್ರೋಫಿ ಬಹಳ ಸಲ ಮೆದುಳಿನ ಹಿಂಭಾಗದ ವೈಟ್ ಮ್ಯಾಟರ್‌ನಿಂದ ಶುರುವಾಗುತ್ತದೆ. ಮೀಥೈಲ್‌ಮಲೋನಿಕ್ ಆಸಿಡೀಮಿಯಾ ಗ್ಲೋಬಸ್ ಪ್ಯಾಲಿಡಸ್ ಅನ್ನುವ ಪುಟ್ಟ ಗಂಟನ್ನು ಹುಡುಕಿ ಹೊಡೆಯುತ್ತದೆ. ಲೀ ಸಿಂಡ್ರೋಮ್ ಬೇಸಲ್ ಗ್ಯಾಂಗ್ಲಿಯಾ ಮತ್ತು ಬ್ರೈನ್ ಸ್ಟೆಮ್ ಎರಡನ್ನೂ ಹಿಡಿಯುತ್ತದೆ. ಬೇಸಲ್ ಗ್ಯಾಂಗ್ಲಿಯಾದ ಭಾಗಗಳಾದ ಕಾಡೇಟ್ ಮತ್ತು ಪುಟಮೆನ್ ಎರಡೂ ಬದಿ ಊದಿಕೊಂಡಿದ್ದರೆ ಬಯೋಟಿನ್ ಮತ್ತು ಥಯಮಿನ್‌ಗೆ ಗುಣವಾಗುವ ಒಂದು ಕಾಯಿಲೆ ನೆನಪಾಗಬೇಕು. ಅಲ್ಲಿ ಜೀನ್ ರಿಪೋರ್ಟ್‌ಗೆ ಕಾಯದೆ ಆ ಎರಡು ವಿಟಮಿನ್ ಶುರು ಮಾಡುವುದೇ ಸರಿ. ಒಂದು ಚಿತ್ರ ಒಂದು ಮಗುವಿನ ಬದುಕನ್ನೇ ಬದಲಿಸಬಹುದು ಅನ್ನುವುದು ಇಂಥ ಕಡೆ ಉತ್ಪ್ರೇಕ್ಷೆ ಅಲ್ಲ.

ಡಿಫ್ಯೂಷನ್ ಅನ್ನು ಸೇರಿಸಲೇಬೇಕು. ಕೆಲವೇ ನಿಮಿಷ ಸಾಕು. ನೀರಿನ ಕಣಗಳು ಮೆದುಳಿನಲ್ಲಿ ಎಷ್ಟು ಸರಾಗವಾಗಿ ಓಡಾಡುತ್ತಿವೆ ಅಂತ ಇದು ಅಳೆಯುತ್ತದೆ. ಮೇಪಲ್ ಸಿರಪ್ ಯೂರಿನ್ ಕಾಯಿಲೆ (ಕೆಲವು ಅಮೈನೋ ಆಮ್ಲಗಳನ್ನು ಒಡೆಯಲಾಗದ ಕಾಯಿಲೆ) ಇರುವ ನವಜಾತ ಮಗುವಿನಲ್ಲಿ ಮಾಮೂಲಿ ಚಿತ್ರದಲ್ಲಿ ಊತ ಸರಿಯಾಗಿ ತಿಳಿಯದಿದ್ದರೂ ಡಿಫ್ಯೂಷನ್‌ನಲ್ಲಿ ಬ್ರೈನ್ ಸ್ಟೆಮ್, ಸೆರಿಬೆಲಮ್‌ನ ಬಿಳಿ ಭಾಗ, ಇಂಟರ್ನಲ್ ಕ್ಯಾಪ್ಸೂಲ್ ಎಲ್ಲ ಹೊಳೆಯುತ್ತವೆ. ಇವೆಲ್ಲ ಹುಟ್ಟುವಾಗಲೇ ಮಯಲಿನ್ (ನರತಂತುವಿನ ಹೊದಿಕೆ) ಬಂದಿರುವ ಜಾಗಗಳು. ಸ್ಟ್ರೋಕ್‌ನಲ್ಲಿ ಇಂಥ ಹೊಳಪು ಅಂದರೆ ಜೀವಕೋಶ ಸಾಯುತ್ತಿದೆ ಅಂತ. ಇಲ್ಲಿ ಹಾಗಲ್ಲ. ಮಯಲಿನ್ ಪದರಗಳ ನಡುವೆ ನೀರು ಸೇರಿಕೊಂಡಿರುತ್ತದೆ, ಬೇಗ ಚಿಕಿತ್ಸೆ ಸಿಕ್ಕರೆ ಅದು ಇಳಿಯಬಲ್ಲದು. ರಿಪೋರ್ಟ್ ನೋಡಿ ಎದೆ ಒಡೆದುಕೊಳ್ಳುವ ಮುಂಚೆ ಈ ವ್ಯತ್ಯಾಸವನ್ನು ವೈದ್ಯರ ಹತ್ತಿರ ಕೇಳಿ.

ನವಜಾತ ಮಕ್ಕಳಲ್ಲಿ ಇನ್ನೊಂದು ಕವಲು ಇದೆ. ಎಂಆರ್‌ಐ ನೋಡಿದರೆ ಹೆರಿಗೆಯಲ್ಲಿ ಉಸಿರುಕಟ್ಟಿದ ಮಗುವಿನದ್ದರ ಹಾಗಿದೆ, ಆದರೆ ಹೆರಿಗೆ ಸಲೀಸಾಗಿ ಆಗಿದೆ. ಆಗ ಮಾಲಿಬ್ಡಿನಮ್ ಕೋಫ್ಯಾಕ್ಟರ್ ಕೊರತೆ ಮತ್ತು ಸಲ್ಫೈಟ್ ಆಕ್ಸಿಡೇಸ್ ಕೊರತೆಯನ್ನು ಹುಡುಕಬೇಕು. ಮೂತ್ರದಲ್ಲಿ ಸಲ್ಫೈಟ್ ಇದೆಯಾ, ರಕ್ತದಲ್ಲಿ ಯೂರಿಕ್ ಆಸಿಡ್ ತೀರಾ ಕಡಿಮೆಯಾ ಅಂತ ನೋಡಬೇಕು. ಮಾಲಿಬ್ಡಿನಮ್ ಕೊರತೆಯ ಎ ವಿಧಕ್ಕೆ ಫೋಸ್‌ಡೆನೋಪ್ಟೆರಿನ್ ಅನ್ನುವ ಔಷಧಕ್ಕೆ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಬೇಗ ಗೊತ್ತಾದರೆ ಮಾತ್ರ ಅದರಿಂದ ಲಾಭ.

ಎಸ್‌ಡಬ್ಲ್ಯುಐ ಅನ್ನುವ ಚಿತ್ರ ಕಬ್ಬಿಣ, ಕ್ಯಾಲ್ಸಿಯಂ, ಹಳೆಯ ರಕ್ತ ಇವುಗಳನ್ನು ತೋರಿಸುತ್ತದೆ. ಇದಿದ್ದರೆ ಕ್ಯಾಲ್ಸಿಯಂ ನೋಡಲು ಅಂತ ಬೇರೆ ಸಿಟಿ ಮಾಡಿಸುವುದು ಬಹಳ ಸಲ ತಪ್ಪುತ್ತದೆ.

ಸ್ಪೆಕ್ಟ್ರೋಸ್ಕೋಪಿ: ಜನ ಮರೆಯುವ, ಆದರೆ ಮರೆಯಬಾರದ ಪರೀಕ್ಷೆ

ಇದೂ ಅದೇ ಎಂಆರ್‌ಐ ಯಂತ್ರದಲ್ಲಿ ಆಗುತ್ತದೆ, ಆದರೆ ಚಿತ್ರ ಕೊಡುವುದಿಲ್ಲ, ಗ್ರಾಫ್ ಕೊಡುತ್ತದೆ. ಮೆದುಳಿನ ಒಂದು ಚಿಕ್ಕ ಚೌಕವನ್ನು ಆರಿಸಿಕೊಂಡು ಅಲ್ಲಿ ಯಾವ ರಾಸಾಯನಿಕ ಎಷ್ಟಿದೆ ಅಂತ ಏರಿಳಿತದ ಗೆರೆಯಲ್ಲಿ ತೋರಿಸುತ್ತದೆ. ಮೆಟಬಾಲಿಕ್ ಕಾಯಿಲೆ ಅಂದರೇ ರಾಸಾಯನಿಕದ ಕಾಯಿಲೆ, ಅಲ್ವಾ? ಹಾಗಿರುವಾಗ ಇದನ್ನು ಬಿಟ್ಟು ಎಂಆರ್‌ಐ ಮುಗಿಸುವುದು ನನಗೆ ಒಪ್ಪಿಗೆಯಾಗದ ಮಾತು.

ಕ್ರಿಯಾಟಿನ್ ಕೊರತೆಯ ಕಾಯಿಲೆಗಳನ್ನೇ ನೋಡಿ. ಮಗು ಮಾತಾಡುವುದಿಲ್ಲ, ಬೆಳವಣಿಗೆ ಹಿಂದಿದೆ, ಫಿಟ್ಸ್ ಬರುತ್ತದೆ. ಎಂಆರ್‌ಐ ಚಿತ್ರ ನಾರ್ಮಲ್ ಇರಬಹುದು. ಸ್ಪೆಕ್ಟ್ರೋಸ್ಕೋಪಿ ಮಾಡಿದರೆ ಗ್ರಾಫಿನ ಅಡ್ಡ ಅಳತೆಯಲ್ಲಿ 3.0 ಪಿಪಿಎಂ ಜಾಗದಲ್ಲಿ ಇರಬೇಕಾದ ಕ್ರಿಯಾಟಿನ್ ಶಿಖರ ಮಾಯವಾಗಿರುತ್ತದೆ ಅಥವಾ ತೀರಾ ಕುಗ್ಗಿರುತ್ತದೆ. ಈ ಗುಂಪಿನ ಮೂರು ಕಾಯಿಲೆಗಳಲ್ಲಿ ಎರಡಕ್ಕೆ ಕ್ರಿಯಾಟಿನ್ ಪುಡಿಯನ್ನೇ ಔಷಧವಾಗಿ ಕೊಡುತ್ತಾರೆ.

ಕನವಾನ್ ಕಾಯಿಲೆಯಲ್ಲಿ ಇದರ ಉಲ್ಟಾ. 2.0 ಪಿಪಿಎಂ ಹತ್ತಿರದ ಎನ್‌ಎಎ (ನರಕೋಶಗಳಲ್ಲಿರುವ ಒಂದು ರಾಸಾಯನಿಕ) ಶಿಖರ ಎತ್ತರಕ್ಕೆ ಏರಿರುತ್ತದೆ. ಮೆದುಳಿನ ಬೇರೆ ಬಹುತೇಕ ಕಾಯಿಲೆಗಳಲ್ಲಿ ಎನ್‌ಎಎ ಇಳಿಯುವುದರಿಂದ ಈ ಏರಿಕೆ ಕಣ್ಣಿಗೆ ಹೊಡೆದು ಕಾಣುತ್ತದೆ. ನಾನ್‌ಕೀಟೋಟಿಕ್ ಹೈಪರ್‌ಗ್ಲೈಸೀನೀಮಿಯಾದಲ್ಲಿ 3.55 ಪಿಪಿಎಂನಲ್ಲಿ ಗ್ಲೈಸೀನ್ ಏಳುತ್ತದೆ. ಅದೇ ಜಾಗದಲ್ಲಿ ಮಯೋ-ಇನೋಸಿಟಾಲ್ ಕೂಡ ಇರುವುದರಿಂದ ಗೊಂದಲ ಆಗಬಹುದು. ಎಕೋ ಟೈಮ್ (ಸಂಕೇತ ಹಿಡಿಯುವ ಮುಂಚೆ ಯಂತ್ರ ಕಾಯುವ ಹೊತ್ತು) ಉದ್ದ ಮಾಡಿದರೆ ಇನೋಸಿಟಾಲ್ ಇಳಿಯುತ್ತದೆ, ಗ್ಲೈಸೀನ್ ಉಳಿಯುತ್ತದೆ. ಆದ್ದರಿಂದ ಚಿಕ್ಕದು ಮತ್ತು ಉದ್ದದ್ದು, ಎರಡೂ ಎಕೋ ಟೈಮ್‌ನಲ್ಲಿ ತೆಗೆಯಲು ಕೇಳಿ. ಜಾಗವೂ ಎರಡಿರಲಿ: ಒಂದು ಬೇಸಲ್ ಗ್ಯಾಂಗ್ಲಿಯಾ, ಇನ್ನೊಂದು ವೈಟ್ ಮ್ಯಾಟರ್. ಮೇಪಲ್ ಸಿರಪ್ ಕಾಯಿಲೆಯ ಗುರುತು 0.9 ಪಿಪಿಎಂ ಹತ್ತಿರ ಸಿಗುತ್ತದೆ.

ಲ್ಯಾಕ್ಟೇಟ್ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. 1.3 ಪಿಪಿಎಂನಲ್ಲಿ ಅವಳಿ ಶಿಖರ ಕಂಡರೆ ಮೈಟೊಕಾಂಡ್ರಿಯಾ ಕಾಯಿಲೆಯ ಸುಳಿವು ನಿಜ. ಆದರೆ ಉಸಿರುಕಟ್ಟಿದ ಮಗುವಿನಲ್ಲೂ, ಆಗಷ್ಟೇ ಫಿಟ್ಸ್ ಆದ ಮಗುವಿನಲ್ಲೂ ಅದು ಕಾಣುತ್ತದೆ. ಕಾಣದಿದ್ದರೂ ಮೈಟೊಕಾಂಡ್ರಿಯಾ ಕಾಯಿಲೆ ಇಲ್ಲ ಅನ್ನುವಂತಿಲ್ಲ. ಇನ್ನೊಂದು, ಫಿನೋಬಾರ್ಬಿಟಾಲ್ ಇಂಜೆಕ್ಷನ್‌ನಲ್ಲಿ ದ್ರಾವಕವಾಗಿ ಇರುವ ಪ್ರೊಪಿಲೀನ್ ಗ್ಲೈಕಾಲ್ 1.1 ಪಿಪಿಎಂ ಹತ್ತಿರ ತನ್ನದೇ ಶಿಖರ ತೋರಿಸುತ್ತದೆ. ಮಗುವಿಗೆ ಯಾವ ಔಷಧ ಕೊಟ್ಟಿದ್ದಾರೆ ಅನ್ನುವ ಪಟ್ಟಿ ಸ್ಕ್ಯಾನ್ ಓದುವವರ ಕೈಗೆ ಹೋಗಬೇಕು.

ಯಂತ್ರದ ಅಯಸ್ಕಾಂತದ ಬಲ 1.5 ಟೆಸ್ಲಾನಾ, 3 ಟೆಸ್ಲಾನಾ? ಸ್ಪೆಕ್ಟ್ರೋಸ್ಕೋಪಿಯ ಶಿಖರಗಳು 3 ಟೆಸ್ಲಾದಲ್ಲಿ ಬೇರೆ ಬೇರೆಯಾಗಿ ಚೆನ್ನಾಗಿ ಕಾಣುತ್ತವೆ. ಆದರೂ ಮಕ್ಕಳ ಮೆದುಳು ಓದಿ ಪಳಗಿದ ರೇಡಿಯಾಲಜಿಸ್ಟ್ ಇರುವ 1.5 ಟೆಸ್ಲಾ ಜಾಗ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

ಕಾಂಟ್ರಾಸ್ಟ್ ಬೇಕಾ?

ಬಹುತೇಕ ಮೆಟಬಾಲಿಕ್ ಕಾಯಿಲೆಗಳಿಗೆ ಬೇಡ. ಯೂರಿಯಾ ಸೈಕಲ್ ತೊಂದರೆ (ಅಮೋನಿಯಾ ಹೊರಹಾಕಲಾಗದ ಕಾಯಿಲೆ), ಆರ್ಗ್ಯಾನಿಕ್ ಆಸಿಡೀಮಿಯಾ (ರಕ್ತದಲ್ಲಿ ಆಮ್ಲ ಸೇರುವ ಕಾಯಿಲೆ), ಮೇಪಲ್ ಸಿರಪ್, ಪಿಕೆಯು (ಫಿನೈಲಲನೀನ್ ಒಡೆಯಲಾಗದ ಕಾಯಿಲೆ) ಇವುಗಳಲ್ಲಿ ಕಾಂಟ್ರಾಸ್ಟ್ ಹೊಸದೇನನ್ನೂ ಹೇಳುವುದು ಅಪರೂಪ. ಅಡ್ರಿನೊಲ್ಯೂಕೋಡಿಸ್ಟ್ರೋಫಿಯಲ್ಲಿ ಮಾತ್ರ ಕತೆ ಬೇರೆ. ಹಾನಿಯ ಅಂಚು ಕಾಂಟ್ರಾಸ್ಟ್‌ಗೆ ಹೊಳೆದರೆ ಕಾಯಿಲೆ ಉರಿಯುತ್ತಾ ಮುಂದೆ ಹೋಗುತ್ತಿದೆ ಅಂತ ಅರ್ಥ. ಸ್ಟೆಮ್ ಸೆಲ್ ಕಸಿಯ ನಿರ್ಧಾರ ಅದರ ಮೇಲೆ ನಿಂತಿರುತ್ತದೆ.

ಕಾಂಟ್ರಾಸ್ಟ್‌ನಲ್ಲಿರುವುದು ಗ್ಯಾಡೋಲಿನಿಯಂ. ಪದೇ ಪದೇ ಕೊಟ್ಟಾಗ ಅದರ ಅಂಶ ಮೆದುಳಿನಲ್ಲಿ ಉಳಿಯುವುದು 2014ರಿಂದ ಈಚೆಗೆ ಗಮನಕ್ಕೆ ಬಂತು. 2017ರಲ್ಲಿ ಯುರೋಪಿನ ಔಷಧ ಸಂಸ್ಥೆ ಲೀನಿಯರ್ ಜಾತಿಯ ಹಲವು ಕಾಂಟ್ರಾಸ್ಟ್‌ಗಳನ್ನು ನಿಲ್ಲಿಸಲು ಹೇಳಿತು. ಕೊಡಲೇಬೇಕಾದರೆ ಗ್ಯಾಡೋಲಿನಿಯಂ ಅನ್ನು ಬಿಗಿಯಾಗಿ ಹಿಡಿದಿಡುವ ಮ್ಯಾಕ್ರೋಸೈಕ್ಲಿಕ್ ಜಾತಿಯದ್ದೇ ಕೊಡುತ್ತೀರಾ ಅಂತ ಕೇಳಿ. ಮೀಥೈಲ್‌ಮಲೋನಿಕ್ ಆಸಿಡೀಮಿಯಾ ಇರುವ ಮಕ್ಕಳಲ್ಲಿ ಕಿಡ್ನಿ ಸೊರಗುವುದು ಸಾಮಾನ್ಯ. ಅವರಿಗೆ ಮೊದಲು ರಕ್ತದ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ಅಂಕಿ) ನೋಡಬೇಕು.

ಪೆಟ್ ಸ್ಕ್ಯಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಕಿರಣ ಇದೆ, ಈ ಕಾಯಿಲೆಗಳ ದಿನನಿತ್ಯದ ನಿರ್ಣಯಕ್ಕೆ ಅದು ಬೇಕಾಗುವುದಿಲ್ಲ.

ಮಲಗಿಸುವುದು ಮತ್ತು ಹಸಿದಿರಿಸುವುದು

ಹೆತ್ತವರಿಗೆ ಹೆಚ್ಚು ಭಯ ಅರಿವಳಿಕೆಯದ್ದು. ನನಗೆ ಅದಕ್ಕಿಂತ ಹೆಚ್ಚು ಭಯ ಅದಕ್ಕೆ ಮುಂಚಿನ ಉಪವಾಸದ್ದು.

ಮೂರು ತಿಂಗಳೊಳಗಿನ ಮಗುವಿಗೆ ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ, ಕಿವಿ ಮುಚ್ಚಿ, ತಾನಾಗಿ ನಿದ್ದೆ ಬಂದಾಗ ಸ್ಕ್ಯಾನ್ ಮಾಡಬಹುದು. ಔಷಧ ಬೇಡ, ಉಪವಾಸವೂ ಬೇಡ. ಈ ವಯಸ್ಸಿನಲ್ಲಿ ಇದೇ ಮೊದಲ ಆಯ್ಕೆ. ಅದಕ್ಕಿಂತ ದೊಡ್ಡ ಮಗುವಿಗೆ ಮಂಪರು ಔಷಧ ಅಥವಾ ಪೂರ್ತಿ ಅರಿವಳಿಕೆ ಬೇಕಾಗುತ್ತದೆ. ಸ್ಪೆಕ್ಟ್ರೋಸ್ಕೋಪಿ ಸೇರಿಸಿದರೆ ಹೊತ್ತು ಹೆಚ್ಚಾಗುತ್ತದೆ, ಮಗು ಅಲ್ಲಾಡಿದರೆ ಗ್ರಾಫ್ ಕೆಡುತ್ತದೆ. ಆರೇಳು ವರ್ಷದ, ಹೇಳಿದ್ದು ಕೇಳುವ ಮಗುವಿಗೆ ಮೊದಲೇ ಯಂತ್ರದ ಸದ್ದು ಕೇಳಿಸಿ ಅಭ್ಯಾಸ ಮಾಡಿಸಿದರೆ ಎಚ್ಚರದಲ್ಲೇ ಮುಗಿಯಬಹುದು.

ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆ ಬಗ್ಗೆ ಎಫ್‌ಡಿಎ 2016ರಲ್ಲಿ ಎಚ್ಚರಿಕೆ ಕೊಟ್ಟಿತು. ಒಂದೇ ಸಲದ, ಸುಮಾರು ಒಂದು ಗಂಟೆಯ ಅರಿವಳಿಕೆ ಬೆಳವಣಿಗೆಗೆ ತೊಡಕಾಗಿದ್ದು ಐದು ವರ್ಷದವರೆಗೆ ಮಕ್ಕಳನ್ನು ಗಮನಿಸಿದ ದೊಡ್ಡ ಅಧ್ಯಯನದಲ್ಲಿ ಕಂಡುಬಂದಿಲ್ಲ. ಎಲ್ಲವನ್ನೂ ಒಂದೇ ಸಲ ಮುಗಿಸಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಬೆನ್ನುಹುರಿಯ ನೀರು ತೆಗೆಯುವುದಿದ್ದರೆ ಅದೇ ಅರಿವಳಿಕೆಯಲ್ಲಿ, ಎಂಆರ್‌ಐ ಆದ ಮೇಲೆ ತೆಗೆಯಲಿ.

ಈಗ ಉಪವಾಸ. ಕೊಬ್ಬನ್ನು ಒಡೆದು ಶಕ್ತಿ ಪಡೆಯಲಾಗದ ಮಕ್ಕಳು, ಯೂರಿಯಾ ಸೈಕಲ್ ಮಕ್ಕಳು, ಆರ್ಗ್ಯಾನಿಕ್ ಆಸಿಡೀಮಿಯಾ ಮಕ್ಕಳು, ಗ್ಲೈಕೋಜೆನ್ ಕಾಯಿಲೆಯ ಮಕ್ಕಳು ಆರು ಗಂಟೆ ಬರಿಹೊಟ್ಟೆಯಲ್ಲಿ ಇರಲಾರರು. ಸಕ್ಕರೆ ಕುಸಿಯಬಹುದು, ದೇಹ ತನ್ನ ಪ್ರೋಟೀನನ್ನೇ ಒಡೆದು ಅಮೋನಿಯಾ ಏರಿಸಬಹುದು. ಇವರಿಗೆ ಬೆಳಗಿನ ಮೊದಲ ಸ್ಲಾಟೇ ಬೇಕು. ಊಟ ನಿಲ್ಲಿಸಿದ ಕೂಡಲೇ ಡೆಕ್ಸ್‌ಟ್ರೋಸ್ ಡ್ರಿಪ್ ಶುರುವಾಗಬೇಕು, ಸಾಮಾನ್ಯವಾಗಿ 10%. ಮಗು ಎದ್ದು ಚೆನ್ನಾಗಿ ತಿನ್ನುವವರೆಗೆ ಅದನ್ನು ನಿಲ್ಲಿಸಬಾರದು. ಸ್ಕ್ಯಾನ್ ತಡವಾದರೂ ಡ್ರಿಪ್ ಓಡುತ್ತಲೇ ಇರಬೇಕು. ಇದಕ್ಕೆ ವಿರುದ್ಧವಾಗಿ ಪೈರುವೇಟ್ ಡಿಹೈಡ್ರೋಜಿನೇಸ್ (ಸಕ್ಕರೆಯಿಂದ ಶಕ್ತಿ ಪಡೆಯಲು ಬೇಕಾದ ಎಂಜೈಮ್) ಕೊರತೆ ಇರುವವರಿಗೆ, ಕೀಟೋಜೆನಿಕ್ ಆಹಾರದ ಮೇಲಿರುವವರಿಗೆ ಸಕ್ಕರೆ ಡ್ರಿಪ್ಪೇ ತೊಂದರೆ ಕೊಡಬಹುದು. ಲ್ಯಾಕ್ಟೇಟ್ ಏರಿರುವ ಮೈಟೊಕಾಂಡ್ರಿಯಾ ಕಾಯಿಲೆಯಲ್ಲಿ ರಿಂಗರ್ಸ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ಬೇಡ. ಪ್ರೊಪೋಫಾಲ್ ಅನ್ನುವ ಅರಿವಳಿಕೆ ಔಷಧವನ್ನು ಗಂಟೆಗಟ್ಟಲೆ ಹರಿಸುವುದೂ ಬೇಡ. ಆದ್ದರಿಂದ ಮಗುವಿನ ಮೆಟಬಾಲಿಕ್ ವೈದ್ಯರಿಂದ ಒಂದು ಪುಟದ ಚೀಟಿ ಬರೆಸಿ ಅರಿವಳಿಕೆ ವೈದ್ಯರ ಕೈಗೆ ಹಿಂದಿನ ದಿನವೇ ಕೊಡಿ.

ಎಂಪಿಎಸ್ (ಉದ್ದ ಸಕ್ಕರೆ ಸರಪಳಿಗಳು ಒಡೆಯದೆ ಅಂಗಾಂಶದಲ್ಲಿ ಸೇರುವ ಕಾಯಿಲೆ) ಇರುವ ಮಕ್ಕಳ ಗಂಟಲು ಕಿರಿದು, ಕುತ್ತಿಗೆಯ ಮೂಳೆ ಸಡಿಲ. ಅವರನ್ನು ಮಲಗಿಸುವುದು ಅನುಭವಿಗಳ ಕೆಲಸ. ಅವರಿಗೆ ಮೆದುಳಿನ ಜೊತೆ ಕುತ್ತಿಗೆಯ ಎಂಆರ್‌ಐ ಕೂಡ ಅದೇ ಸಲ ಆಗಲಿ.

ಮತ್ತೆ ಯಾವಾಗ?

ಮಯಲಿನ್ ಅಂದರೆ ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಹಾಗೆ, ನರತಂತುವಿಗೆ ಸುತ್ತಿದ ಪದರ. ಹುಟ್ಟಿದಾಗ ಅದು ಕೆಲವೇ ಕಡೆ ಇರುತ್ತದೆ. ಟಿ1 ಚಿತ್ರದಲ್ಲಿ ಸುಮಾರು ಒಂದು ವರ್ಷಕ್ಕೆ, ಟಿ2ದಲ್ಲಿ ಸುಮಾರು ಎರಡು ವರ್ಷಕ್ಕೆ ದೊಡ್ಡವರ ಮೆದುಳಿನ ಹಾಗೆ ಕಾಣತೊಡಗುತ್ತದೆ. ಹಾಗಾಗಿ ಒಂಬತ್ತು ತಿಂಗಳ ಮಗುವಿನಲ್ಲಿ 'ಮಯಲಿನ್ ಕಡಿಮೆ' ಅಂತ ಒಂದೇ ಸ್ಕ್ಯಾನ್ ನೋಡಿ ಹೇಳುವುದು ಕಷ್ಟ. ಕನಿಷ್ಠ ಆರು ತಿಂಗಳ ಅಂತರದಲ್ಲಿ ಎರಡು ಸ್ಕ್ಯಾನ್ ಹೋಲಿಸಬೇಕು.

ಅಡ್ರಿನೊಲ್ಯೂಕೋಡಿಸ್ಟ್ರೋಫಿಯ ಜೀನ್ ದೋಷ ಇರುವ ಗಂಡು ಮಕ್ಕಳಿಗೆ ಲಕ್ಷಣ ಇಲ್ಲದಿದ್ದರೂ ಸ್ಕ್ಯಾನ್ ತಪ್ಪಿಸಬಾರದು. ತಜ್ಞರ ಸಲಹೆಯ ಪ್ರಕಾರ 3ರಿಂದ 12 ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಹಾನಿಯನ್ನು 0ರಿಂದ 34ರ ಲೋಸ್ ಅಂಕದಲ್ಲಿ ಅಳೆಯುತ್ತಾರೆ. ಅಂಕ ಕಡಿಮೆ ಇರುವಾಗಲೇ ಕಸಿ ಆದರೆ ಫಲಿತಾಂಶ ಚೆನ್ನಾಗಿರುತ್ತದೆ. ಮಗು ಆಟವಾಡಿಕೊಂಡು ಚೆನ್ನಾಗಿದೆ, ಸುಮ್ನೆ ಯಾಕೆ ಅಂತ ಅನಿಸುವ ವರ್ಷಗಳೇ ಇಲ್ಲಿ ಬೆಲೆಬಾಳುವ ವರ್ಷಗಳು. ಪಿಕೆಯು ಇದ್ದು ಆಹಾರ ಪಥ್ಯದಲ್ಲಿ ಚೆನ್ನಾಗಿರುವ ಮಗುವಿಗೆ ಇಂಥ ನಿಯಮಿತ ಸ್ಕ್ಯಾನ್ ಬೇಡ. ಹೊಸ ಲಕ್ಷಣ ಬಂದರೆ ನೋಡಿದರಾಯಿತು.

ಸ್ಕ್ಯಾನ್ ಚೀಟಿಯಲ್ಲಿ ಬರೀ 'ಫಿಟ್ಸ್' ಅಂತ ಇದ್ದರೆ ತಿದ್ದಿಸಿ. ಮಗುವಿನ ವಯಸ್ಸು, ತಲೆಯ ಸುತ್ತಳತೆ, ಲಕ್ಷಣ ಶುರುವಾದ ಕಾಲ, ಕಲಿತದ್ದನ್ನು ಮರೆಯುತ್ತಿದೆಯಾ, ಅಮೋನಿಯಾ ಮತ್ತು ಲ್ಯಾಕ್ಟೇಟ್ ಅಂಕಿ, ಕೊಡುತ್ತಿರುವ ಔಷಧ, ಅನುಮಾನದ ಕಾಯಿಲೆ ಇಷ್ಟೂ ಅದರಲ್ಲಿ ಇರಲಿ. ಮೆದುಳಿನ ನೀರು ಇಳಿಸುವ, ಹೊರಗಿನಿಂದ ಹೊಂದಿಸುವ ಶಂಟ್ ಇದ್ದರೆ ಮೊದಲೇ ಹೇಳಿ, ಸ್ಕ್ಯಾನ್ ಆದ ಮೇಲೆ ಅದರ ಸೆಟ್ಟಿಂಗ್ ಮತ್ತೆ ನೋಡಿಸಿ. ಹೊರಡುವಾಗ ರಿಪೋರ್ಟ್ ಕಾಗದ ಮಾತ್ರ ತರಬೇಡಿ. ಎಲ್ಲ ಚಿತ್ರಗಳ ಡೈಕಾಮ್ ಫೈಲ್ (ಮೂಲ ಡಿಜಿಟಲ್ ಪ್ರತಿ) ಮತ್ತು ಸ್ಪೆಕ್ಟ್ರೋಸ್ಕೋಪಿಯ ಗ್ರಾಫ್ ಕೂಡ ಕೇಳಿ ತನ್ನಿ. ಇನ್ನೊಬ್ಬ ಮಕ್ಕಳ ನರರೇಡಿಯಾಲಜಿಸ್ಟ್ ಅದೇ ಫೈಲನ್ನು ಓದಬಹುದು. ಮಗುವನ್ನು ಮತ್ತೆ ಮಲಗಿಸಬೇಕಾಗುವುದಿಲ್ಲ.